ರೇಡಾರಿನ ಬೆಳಕಿಗೆ ಸ್ಥಿರತೆ ಬೇಕು

ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ರಕ್ಷಣಾ ಎಲೆಕ್ಟ್ರಾನಿಕ್ಸ್ ಸಂಸ್ಥೆ ಬಿಇಎಲ್ ಹುಟ್ಟಿತು. ಸಿ.ವಿ. ರಾಮನ್ ನಗರದಲ್ಲಿರುವ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಎಲ್‌ಆರ್‌ಡಿಇ ಪ್ರಯೋಗಾಲಯ ಸೇನೆಗೆ ರೇಡಾರುಗಳನ್ನು ರೂಪಿಸುತ್ತಿದೆ. ಈ ವಿದ್ಯೆಯ ಮುಂದಿನ ಹೆಜ್ಜೆ ಬೆಳಕಿನದು. ಆಂಟೆನಾದ ಸಂಕೇತವನ್ನು ಲೇಸರ್ ಬೆಳಕಿನ ಮೇಲೇರಿಸಿ ಫೈಬರಿನಲ್ಲಿ ಕಳಿಸಿದರೆ ಕಿಲೋಮೀಟರಿಗೆ ಶೇ 5ರಷ್ಟು ಬೆಳಕೂ ಸೋರುವುದಿಲ್ಲ. ಬೆಳಕನ್ನೇ ನೆಚ್ಚಿದ ರೇಡಾರನ್ನು ಇಟಲಿಯ ಸಂಶೋಧಕರು 2014ರಲ್ಲೇ ಕಟ್ಟಿ ತೋರಿಸಿದರು. ಈ ದಾರಿ ಹಿಡಿಯುವಾಗ, ಸಂಕೇತವನ್ನು ಬೆಳಕಿನ ಮೇಲೇರಿಸುವ ಮಾಡ್ಯುಲೇಟರಿನ ವೇಗಕ್ಕೆ ಸಿಗುವ ಮರ್ಯಾದೆ ಅದರ ಸ್ಥಿರತೆಗೂ ಸಿಗಬೇಕು.

ಲಿಥಿಯಂ ನಯೋಬೇಟ್ ಹರಳಿನ ಮಾಡ್ಯುಲೇಟರ್ ಬೆಳಕನ್ನು ಎರಡು ಕವಲಾಗಿ ಒಡೆದು ಮತ್ತೆ ಕೂಡಿಸುತ್ತದೆ. ಕವಲುಗಳ ನಡುವಿನ ಹಂತದ (ಫೇಸ್) ವ್ಯತ್ಯಾಸವನ್ನು ಸರಿಯಾದ ನಡುಬಿಂದುವಿನಲ್ಲಿ ನಿಲ್ಲಿಸುವುದು ಬಯಾಸ್ ವೋಲ್ಟೇಜ್. ಆದರೆ ಬಿಸಿಲೇರಿದಂತೆ, ಹರಳಿನೊಳಗೆ ವಿದ್ಯುದಂಶ ಮೆಲ್ಲಗೆ ಶೇಖರವಾದಂತೆ ಆ ಬಿಂದು ಜಾರುತ್ತದೆ. ಈ ದೋಷ ಬೇಗ ಕಣ್ಣಿಗೆ ಬೀಳದಿರುವುದೇ ಅಪಾಯ. ಬಿಂದು 10 ಡಿಗ್ರಿ ಸರಿದರೂ ಹೊರಬರುವ ಸಂಕೇತದ ಬಲ ಕುಗ್ಗುವುದು ಶೇ 3ರಷ್ಟು ಮಾತ್ರ. ಅಷ್ಟರಲ್ಲಿ, ನಡುಬಿಂದುವಿನಲ್ಲಿ ಅಡಗಿದ್ದ ಇಮ್ಮಡಿ ಆವರ್ತನದ ವಿಕೃತಿ ತಲೆಯೆತ್ತಿರುತ್ತದೆ. ವಿಶಾಲ ಆವರ್ತನ ಪಟ್ಟಿಯ ರೇಡಾರಿನಲ್ಲಿ ಅದು ಇಲ್ಲದ ಗುರಿಯನ್ನು ತೋರಬಲ್ಲದು.

ಉಷ್ಣತೆಯನ್ನು ಹಿಡಿದಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು, ವಿದ್ಯುದಂಶದ ಶೇಖರಣೆ ತಂಪಿನಲ್ಲೂ ನಡೆಯುತ್ತದೆ. ದೂರಸಂಪರ್ಕಕ್ಕೆಂದು ಸಿದ್ಧವಾದ ಬಯಾಸ್ ನಿಯಂತ್ರಕವನ್ನೇ ಕೊಂಡು ಜೋಡಿಸಬಹುದಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು, ಏಕೆಂದರೆ ಅದು ಅಗ್ಗ, ಪಳಗಿದ್ದು ಕೂಡ. ಅಂಥ ನಿಯಂತ್ರಕಗಳಲ್ಲಿ ಹಲವು ಬಯಾಸಿಗೆ ಒಂದು ಸಣ್ಣ ಕಂಪನ ಬೆರೆಸಿ, ಅದರ ಪ್ರತಿಧ್ವನಿ ನೋಡಿ ಬಿಂದುವನ್ನು ಸರಿಪಡಿಸುತ್ತವೆ. ಸೊನ್ನೆ-ಒಂದುಗಳ ಸಂದೇಶಕ್ಕೆ ಆ ಕಂಪನದಿಂದ ತೊಂದರೆಯಿಲ್ಲ. ರೇಡಾರಿನಲ್ಲಿ ಮಾತ್ರ ಅದು ಸಂಕೇತದ ಮಗ್ಗುಲಲ್ಲೇ, ನಿಧಾನವಾಗಿ ಚಲಿಸುವ ವಸ್ತುವಿನ ಡಾಪ್ಲರ್ ಗುರುತು ಬೀಳುವ ಜಾಗದಲ್ಲೇ ಕಲೆಯಾಗಿ ಉಳಿಯಬಹುದು. ಕಂಪನವಿಲ್ಲದೆ ಒಳ-ಹೊರ ಬೆಳಕಿನ ಅನುಪಾತ ಅಳೆಯುವ ವಿಧಾನವೂ ಇದೆ, ಆದರೆ ಅಳೆಯುವ ಸಾಧನವೇ ಕಾಲಕ್ರಮದಲ್ಲಿ ಬದಲಾದರೆ ನಿಯಂತ್ರಣ ದಾರಿ ತಪ್ಪುತ್ತದೆ. ಹಾಗಾಗಿ ರೇಡಾರಿಗೆ ತಕ್ಕ ನಿಯಂತ್ರಕವನ್ನು ರೇಡಾರ್ ಕಟ್ಟುವವರೇ ರೂಪಿಸಿ, ತಿಂಗಳುಗಟ್ಟಲೆ ಓಡಿಸಿ ಪರೀಕ್ಷಿಸಬೇಕು.

ಇದಕ್ಕೆ ಚಿಪ್ ಕಾರ್ಖಾನೆ ಬೇಕಿಲ್ಲ. ಲೇಸರ್, ಮಾಡ್ಯುಲೇಟರ್, ಮೈಕ್ರೋಕಂಟ್ರೋಲರ್ ಮತ್ತು ತಾಳ್ಮೆ ಇದ್ದರೆ ಕೆಲಸ ಶುರುವಾಗುತ್ತದೆ. ಕುಮಾರಸ್ವಾಮಿ ಲೇಔಟ್, ಬನಶಂಕರಿಯ ಇಂಜಿನಿಯರಿಂಗ್ ಕಾಲೇಜುಗಳು ಇದನ್ನು ಅಂತಿಮ ವರ್ಷದ ಪ್ರಾಜೆಕ್ಟ್ ಆಗಿ ಕೈಗೆತ್ತಿಕೊಳ್ಳಲಿ, ರಕ್ಷಣಾ ಪ್ರಯೋಗಾಲಯಗಳು ಉಪಕರಣ ಕೊಟ್ಟು ಜೊತೆ ನಿಲ್ಲಲಿ.