ಮೂಕವೇದನೆಯನ್ನು ಓದುವ ವಿದ್ಯೆ

ಪ್ರಜ್ಞೆ ತಪ್ಪಿ ಮಲಗಿದವನು ತನ್ನ ನೋವನ್ನು ತಾನು ಹೇಳಲಾರನು. ಅದನ್ನು ಅರಿಯಬೇಕಾದವಳು ಹಾಸಿಗೆಯ ಬಳಿಯಿರುವ ದಾದಿ. ಅಲ್ಲಿ ಬರಿಯ ಕರುಣೆ ಸಾಲದು, ಶಿಕ್ಷಣ ಬೇಕು.

1974ರಲ್ಲಿ ಗ್ಲ್ಯಾಸ್ಗೋ ನಗರದ ವೈದ್ಯರಾದ ಟೀಸ್‌ಡೇಲ್ ಮತ್ತು ಜೆನೆಟ್ ಇದಕ್ಕೊಂದು ಅಳತೆಗೋಲನ್ನು ಕೊಟ್ಟರು. ಇಂದಿನ ಬಳಕೆಯಂತೆ ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಅಂಗಚಲನೆಗೆ 6 ಅಂಕಗಳು. ಪೂರ್ಣ ಎಚ್ಚರಕ್ಕೆ 15, ಕನಿಷ್ಠ 3. ಅಂಕ ಇಳಿದರೆ, ಕಣ್ಣಪಾಪೆಗಳು ಅಸಮವಾದರೆ, ತಲೆಬುರುಡೆಯೊಳಗೆ ಒತ್ತಡ ಏರುತ್ತಿರಬಹುದು. ನಡುರಾತ್ರಿಯಲ್ಲಿ ಆ ಇಳಿತವನ್ನು ಗುರುತಿಸಿ ಒಡನೆಯೇ ವೈದ್ಯರನ್ನು ಕರೆಯದಿದ್ದರೆ, ಬೆಳಗಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ದಾದಿಯ ಕೆಲಸ ಕೀಳೆಂದು ಮಗಳನ್ನು ತಡೆಯುವ ತಂದೆತಾಯಿಗಳು ಯೋಚಿಸಲಿ: ನಾಳೆ ನಾವೇ ಮಾತಿಲ್ಲದೆ ಮಲಗಿದಾಗ, ನಮ್ಮ ಕಣ್ಣನ್ನು ಓದಬಲ್ಲವಳು ಯಾರ ಮನೆಯಿಂದ ಬರಬೇಕು?