ಸಾಂಗತ್ಯ ಸಡಿಲ ಮಟ್ಟಲ್ಲ

ಸಂಚಿ ಹೊನ್ನಮ್ಮನ ‘ಹದಿಬದೆಯ ಧರ್ಮ’ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ, ಸಾಂಗತ್ಯವನ್ನು ಹೇಗೆ ಬರೆದರೂ ನಡೆಯುವ ಛಂದಸ್ಸೆಂದು ತಳ್ಳಿಹಾಕಿದೆ. ಇದನ್ನು ಸುತರಾಂ ಒಪ್ಪಲಾರೆ. ಚಿಕ್ಕದೇವರಾಜ ಒಡೆಯರ ಕಾಲದ ಶ್ರೀರಂಗಪಟ್ಟಣದ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿದ ಹೆಣ್ಣುಮಗಳು ಒಂಬತ್ತು ಸಂಧಿಗಳ ಕಾವ್ಯ ಕಟ್ಟಿದ್ದು ಸಡಿಲ ಕೈಯಿಂದಲ್ಲ.

ಲೇಖಕರು ಮಾತ್ರೆ ಎಣಿಸಿ ಎಡವಿದ್ದಾರೆ. ಸಾಂಗತ್ಯ ಅಂಶಗಣದ ಮಟ್ಟು. ಒಂದು, ಮೂರನೆಯ ಸಾಲಿಗೆ ನಾಲ್ಕು ವಿಷ್ಣುಗಣ. ಎರಡು, ನಾಲ್ಕನೆಯದಕ್ಕೆ ಎರಡು ವಿಷ್ಣು, ಕೊನೆಗೊಂದು ಬ್ರಹ್ಮ. ವಿಷ್ಣುಗಣಕ್ಕೆ ಎಂಟು ರೂಪ, ನಾಲ್ಕರಿಂದ ಆರು ಮಾತ್ರೆ. ‘ಪಟ್ಟಣ’ ಎನ್ನಿ: ಗುರು, ಲಘು, ಲಘು, ನಾಲ್ಕು ಮಾತ್ರೆ. ‘ಕಿಕ್ಕೇರಿ’ ಎನ್ನಿ: ಗುರು, ಗುರು, ಲಘು; ಐದು. ಎರಡೂ ಅಪ್ಪಟ ವಿಷ್ಣುಗಣವೇ. ಹಾಡುವವರು ಮೊದಲನೆಯದನ್ನು ಕೊಂಚ ಎಳೆದು ತಾಳಕ್ಕೆ ಕೂಡಿಸುತ್ತಾರೆ. ಕಾಗದದ ಮೇಲೆ ತಪ್ಪಾಗಿ ಕಂಡದ್ದು ಬಾಯಲ್ಲಿ ಸರಿಯಾಗಿ ಕೂರುತ್ತದೆ. ಕಿರಿದಾದ ಎರಡನೆಯ ಸಾಲೂ ಅಷ್ಟೇ, ದನಿ ತಂಗಲು ಬಿಟ್ಟ ಜಾಗ ಅದು.

ಪ್ರಾಸ ಬಿಟ್ಟರೆ ಶ್ರೀರಂಗಪಟ್ಟಣದ ಸೀಮೆಯ ಕವಿತೆ ನಿಲ್ಲದೆಂಬ ಆ ಲೇಖನದ ಇನ್ನೊಂದು ಮಾತಿಗೆ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರೇ ಉತ್ತರ: 1942ರ ‘ಮೈಸೂರ ಮಲ್ಲಿಗೆ’ಯ ಪಕ್ಕ 1958ರ ‘ಶಿಲಾಲತೆ’ ಇಟ್ಟು ಓದಲಿ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಹುಟ್ಟಿದ ಪುತಿನ ಅವರ ‘ಗೋಕುಲ ನಿರ್ಗಮನ’ವಂತೂ ಹಾಡಿದಾಗಲೇ ಪೂರ್ತಿ ದಕ್ಕುವ ಗೀತನಾಟಕ.

ಹೊನ್ನಮ್ಮನಿಗೆ ತೀರ್ಪು ಕೊಡುವ ಮುನ್ನ ಲೇಖಕರು ಒಂದು ಸಂಧಿಯನ್ನಾದರೂ ಗಟ್ಟಿಯಾಗಿ ಹಾಡಿ, ಆಮೇಲೆ ಪ್ರಸ್ತಾರ ಹಾಕಬೇಕಿತ್ತು.