45 ಅಂದ್ರೆ ಎಷ್ಟು?

ಮೊದಲೇ ಹೇಳಿಬಿಡ್ತೀನಿ, ನಾನು ಹಿಮ ನೋಡಿರೋದು ಮನೆ ಫ್ರಿಡ್ಜಿನ ಫ್ರೀಜರ್‌ನಲ್ಲಿ ಮಾತ್ರ. ಆದ್ರೂ ಸ್ಕೀಯಿಂಗ್ ಬಗ್ಗೆ ಬರೀತಿದ್ದೀನಿ. ಕಾರಣ ಹಾಸ್ಟೆಲ್‌ನಲ್ಲಿ ಆದ ಒಂದು ಸಣ್ಣ ಜಗಳ. ಊಟದ ಟೈಮಲ್ಲಿ ಆರಿಫ್ ಖಾನ್ ಹೆಸರು ಬಂತು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಇಡೀ ಭಾರತದಿಂದ ಹೋದ ಒಬ್ಬರೇ ಒಬ್ಬ ಕ್ರೀಡಾಪಟು ಅವರು. "ಎಷ್ಟನೇ ಪ್ಲೇಸ್ ಬಂತು?" ಅಂದ ನನ್ನ ರೂಮ್‌ಮೇಟ್. ಜೈಂಟ್ ಸ್ಲಾಲಮ್‌ನಲ್ಲಿ 45 ಅಂದೆ. "ಅಷ್ಟಕ್ಕೆ ಯಾಕೋ ಕಳಿಸ್ಬೇಕಿತ್ತು?" ಅಂತ ನಕ್ಕ. ನನಗೆ ಆಗ ಉತ್ತರ ಹೊಳೀಲಿಲ್ಲ. ಮನಸ್ಸಲ್ಲೇ ಕೊರೀತಾ ಇತ್ತು, ಕೂತು ಓದಿದೆ, ರೇಸ್‌ಗಳ ವಿಡಿಯೋ ನೋಡಿದೆ. ಈಗ ನನ್ನ ಅಭಿಪ್ರಾಯ ಇದು: ಈ ಆಟದಲ್ಲಿ ಬರೀ ರ‍್ಯಾಂಕ್ ನೋಡಿ ಮಾತಾಡೋದು ಯೂನಿಟ್ ಇಲ್ಲದೆ ಆನ್ಸರ್ ಬರೆದ ಹಾಗೆ.

ಆಲ್ಪೈನ್ ಸ್ಕೀಯಿಂಗ್‌ನಲ್ಲಿ ಎರಡು ಬಗೆ ಇದೆ. ಡೌನ್‌ಹಿಲ್, ಸೂಪರ್-ಜಿ ಇವು ಸ್ಪೀಡ್ ಇವೆಂಟ್‌ಗಳು. ಸ್ಲಾಲಮ್, ಜೈಂಟ್ ಸ್ಲಾಲಮ್ ಟೆಕ್ನಿಕಲ್ ಇವೆಂಟ್‌ಗಳು. ಇಲ್ಲಿ ತಿರುವುಗಳೇ ಆಟ. ಒಂದೇ ದಿನ ಎರಡು ರನ್, ಎರಡರ ಸಮಯ ಕೂಡಿಸ್ತಾರೆ. ಒಂದು ಗೇಟ್ ತಪ್ಪಿದ್ರೂ ಕಥೆ ಮುಗೀತು, ಗ್ರೇಸ್ ಮಾರ್ಕ್ಸ್ ಇಲ್ಲ. ಸ್ಲಾಲಮ್‌ನವರು ಕಂಬದ ಪಕ್ಕದಲ್ಲಿ ಹೋಗಲ್ಲ, ಮೊಣಕಾಲಿನ ಕೆಳಗಿನ ಗಾರ್ಡ್‌ನಿಂದ, ಕೈಯಿಂದ ಕಂಬವನ್ನೇ ಹೊಡೆದು ಬೀಳಿಸ್ಕೊಂಡು ಹೋಗ್ತಾರೆ. ಕಂಬ ಬಗ್ಗಿ ಮತ್ತೆ ಎದ್ದು ನಿಲ್ಲುತ್ತೆ.

ಪುರುಷರ ಡೌನ್‌ಹಿಲ್‌ನಲ್ಲಿ ಮೇಲಿಂದ ಕೆಳಗೆ ಸಾಮಾನ್ಯವಾಗಿ 800 ಮೀಟರ್‌ಗಿಂತ ಜಾಸ್ತಿ ಎತ್ತರ ಇಳೀಬೇಕು. ಸ್ಲಾಲಮ್‌ಗೆ ಸುಮಾರು 200 ಮೀಟರ್ ಸಾಕು. ಅಂದ್ರೆ ಪ್ರಾಕ್ಟೀಸ್‌ಗೆ ದೊಡ್ಡ ಪರ್ವತವೇ ಬೇಕಿಲ್ಲ, ಗುಡ್ಡ ಇದ್ರೂ ನಡೆಯುತ್ತೆ. ಗುಡ್ಡದ ಮೇಲೆ ಹಿಮ ಇಲ್ಲದಿದ್ರೂ ನಡೆಯುತ್ತೆ ಅಂತ ತೋರಿಸಿದವರು ಡೇವ್ ರೈಡಿಂಗ್.

ರೈಡಿಂಗ್ ಇಂಗ್ಲೆಂಡಿನ ಲ್ಯಾಂಕಾಷೈರ್‌ನವರು. ಕಲಿತದ್ದು ಪೆಂಡಲ್ ಅನ್ನೋ ಕಡೆ ಪ್ಲಾಸ್ಟಿಕ್ ಹಾಸಿದ ಇಳಿಜಾರಿನ ಮೇಲೆ. ಹಿಮದ ಮೇಲೆ ರೇಸ್ ಶುರು ಮಾಡಿದಾಗ ವಯಸ್ಸು 12-13. ಆಸ್ಟ್ರಿಯಾದ ಹುಡುಗರು ಅಷ್ಟೊತ್ತಿಗೆ ಹಿಮದ ಮೇಲೇ ಹತ್ತು ವರ್ಷ ಕಳೆದಿರ್ತಾರೆ. (ಹತ್ತನೇ ಕ್ಲಾಸ್ ಮುಗಿದ ಮೇಲೆ ಕನ್ನಡ ಪುಸ್ತಕ ಓದೋಕೆ ಶುರು ಮಾಡಿದ ನನಗೆ ಇದು ಯಾಕೋ ತುಂಬಾ ಹಿಡಿಸ್ತು.) ಒಲಿಂಪಿಕ್ಸ್ ಸ್ಲಾಲಮ್‌ನಲ್ಲಿ ಅವರ ಪ್ಲೇಸ್ ನೋಡಿ: 2010ರಲ್ಲಿ 27, 2014ರಲ್ಲಿ 17, 2018ರಲ್ಲಿ 9. 2017ರ ನವೆಂಬರ್‌ನಲ್ಲಿ ಫಿನ್‌ಲ್ಯಾಂಡಿನ ಲೆವಿಯಲ್ಲಿ ಮೊದಲ ರನ್‌ನಲ್ಲಿ ಎಲ್ಲರಿಗಿಂತ ಮುಂದಿದ್ರು, ಎರಡನೇ ರನ್‌ನಲ್ಲಿ ಹೊರಗೆ ಬಿದ್ರು. ಕೊನೆಗೆ 2022ರ ಜನವರಿ 22, ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್. 35ನೇ ವಯಸ್ಸಿನಲ್ಲಿ ಗೆದ್ದೇಬಿಟ್ರು. ಆಲ್ಪೈನ್ ವರ್ಲ್ಡ್ ಕಪ್ ರೇಸ್ ಗೆದ್ದ ಮೊದಲ ಬ್ರಿಟಿಷ್ ವ್ಯಕ್ತಿ. ಅದೇ ವರ್ಷ ಯುಕೆ ಸ್ಪೋರ್ಟ್ ಅವರ ಟೀಮಿನ ಫಂಡಿಂಗ್ ನಿಲ್ಲಿಸ್ತು, ಜನರ ಹತ್ತಿರ ಕ್ರೌಡ್‌ಫಂಡಿಂಗ್ ಕೇಳೋ ಪರಿಸ್ಥಿತಿ ಬಂತು. ಗೆದ್ದವರ ಗತಿಯೇ ಇದು.

ಹಾಗಾದ್ರೆ ಸ್ಲಾಲಮ್ ಬಡವರಿಗೂ ತೆರೆದ ಬಾಗಿಲಾ? ಅರ್ಧ ಮಾತ್ರ. ಇಲ್ಲಿ ಬಿಬ್ ನಂಬರ್ ಅನ್ನೋ ವಿಷಯ ಬರುತ್ತೆ. ಟಾಪ್ 15 ಜನ ಮೊದಲು ಇಳೀತಾರೆ, ಉಳಿದವರು ಪಾಯಿಂಟ್ಸ್ ಪ್ರಕಾರ ಹಿಂದೆ. ಪ್ರತಿಯೊಬ್ಬರೂ ಇಳಿದ ಹಾಗೆ ಗೇಟ್‌ಗಳ ಹತ್ತಿರ ಹಿಮ ಕೊರೆದು ಗುಳಿ ಬೀಳುತ್ತೆ, ಮಳೆಗಾಲದ ಮಣ್ಣು ರಸ್ತೆಯಲ್ಲಿ ಲಾರಿಗಳು ಹೋದ್ಮೇಲೆ ಬೀಳೋ ಹಾಗೆ. ಅರವತ್ತನೆಯವರಿಗೆ ಸಿಗೋದು ಮೊದಲನೆಯವರಿಗೆ ಸಿಕ್ಕ ರಸ್ತೆ ಅಲ್ಲವೇ ಅಲ್ಲ. ವರ್ಲ್ಡ್ ಕಪ್‌ನಲ್ಲಿ ಎರಡನೇ ರನ್‌ಗೆ 30 ಜನರನ್ನ ಮಾತ್ರ ಬಿಡ್ತಾರೆ. ಅಲ್ಲಿ ಆರ್ಡರ್ ಉಲ್ಟಾ, 30ನೆಯವರು ಮೊದಲು, ನಯವಾದ ಹಿಮದ ಮೇಲೆ. ಆದ್ರೆ ಆ 30ರೊಳಗೆ ಬರೋಕೆ ಮೊದಲು ಗುಳಿಗಳಲ್ಲೇ ಪಾಸಾಗಬೇಕು.

ಬಿಬ್ ಸುಧಾರಿಸಬೇಕಂದ್ರೆ ಎಫ್‌ಐಎಸ್ ಪಾಯಿಂಟ್ಸ್ ಕಮ್ಮಿ ಮಾಡ್ಕೋಬೇಕು. ಹೌದು, ಕಮ್ಮಿ. ನಮ್ಮ ಸಿಜಿಪಿಎಗೆ ಉಲ್ಟಾ. ಗೆದ್ದವರಿಗಿಂತ ಎಷ್ಟು ಹಿಂದೆ ಇದ್ದೀರಿ ಅನ್ನೋದಕ್ಕೆ ಪಾಯಿಂಟ್ಸ್, ಅದರ ಮೇಲೆ ರೇಸ್‌ಗೆ ಒಂದು ಪೆನಾಲ್ಟಿ. ದೊಡ್ಡ ಸ್ಕೀಯರ್‌ಗಳು ಬಾರದ ರೇಸ್‌ನಲ್ಲಿ ಪೆನಾಲ್ಟಿ ಜಾಸ್ತಿ, ಗೆದ್ರೂ ಅಷ್ಟೇನೂ ಪ್ರಯೋಜನ ಇಲ್ಲ. ಹಾಗಾಗಿ ದೊಡ್ಡವರು ಬರೋ ಕಡೆಗೇ, ಅಂದ್ರೆ ಹೆಚ್ಚಾಗಿ ಯೂರೋಪಿಗೇ ಹೋಗ್ಬೇಕು. ಟಿಕೆಟ್, ರೂಮು, ಕೋಚ್, ಸ್ಕೀಗಳು, ಎಲ್ಲಾ ದುಡ್ಡು.

ಈಗ ಆರಿಫ್ ಖಾನ್‌ಗೆ ವಾಪಸ್ ಬರೋಣ. ಕಾಶ್ಮೀರದವರು, ಅಪ್ಪನಿಗೆ ಗುಲ್ಮಾರ್ಗ್‌ನಲ್ಲಿ ಸ್ಕೀ ಸಾಮಾನಿನ ಅಂಗಡಿ, ನಾಲ್ಕನೇ ವಯಸ್ಸಿನಿಂದ ಹಿಮದ ಮೇಲೆ. ರೈಡಿಂಗ್‌ಗೆ ಸಿಗದೇ ಇದ್ದ ಹಿಮ ಇವರಿಗೆ ಮನೆ ಬಾಗಿಲಲ್ಲೇ ಇತ್ತು. ಆದ್ರೆ ದುಡ್ಡಿಲ್ಲದೆ 2018ರ ಒಲಿಂಪಿಕ್ಸ್ ಕೈತಪ್ಪಿತು. ಬೀಜಿಂಗ್‌ನಲ್ಲಿ ಜೈಂಟ್ ಸ್ಲಾಲಮ್ ದಿನ ಜೋರು ಹಿಮ ಸುರೀತಿತ್ತು, ಮುಂದಿನ ಗೇಟೇ ಸರಿಯಾಗಿ ಕಾಣ್ತಿರಲಿಲ್ಲ. ಶುರು ಮಾಡಿದವರಲ್ಲಿ ಸುಮಾರು ಅರ್ಧ ಜನ ಎರಡೂ ರನ್ ಮುಗಿಸಲೇ ಇಲ್ಲ. ಆರಿಫ್ ಮುಗಿಸಿದ್ರು, 2 ನಿಮಿಷ 47.24 ಸೆಕೆಂಡ್. ಗೆದ್ದ ಸ್ವಿಟ್ಜರ್ಲೆಂಡಿನ ಮಾರ್ಕೋ ಓಡರ್ಮಾಟ್‌ಗಿಂತ ಸುಮಾರು 38 ಸೆಕೆಂಡ್ ಹಿಂದೆ. ಗುಳಿಗಳಿಂದಲೇ 38 ಸೆಕೆಂಡ್ ಹೋಯ್ತು ಅಂತ ನಾನು ಸುಳ್ಳು ಹೇಳಲ್ಲ. ಓಡರ್ಮಾಟ್ ಬೇರೆ ಲೆವೆಲ್. ಆದ್ರೆ ಆ ಲೆವೆಲ್‌ಗೆ ಹೋಗೋ ದಾರಿಯಲ್ಲಿ ಪ್ರತಿ ಸೀಸನ್ ಖರ್ಚಿಗೆ ಕೈಚಾಚಬೇಕಾದವರನ್ನ "ಯಾಕೆ ಕಳಿಸಿದ್ರು" ಅಂತ ಕೇಳೋದು ಸರಿಯಲ್ಲ. "ಯಾಕೆ ಒಬ್ಬರನ್ನೇ ಕಳಿಸಿದ್ರು" ಅಂತ ಕೇಳ್ಬೇಕು.

ಮೂರು ದಿನ ಆದ್ಮೇಲೆ ಸ್ಲಾಲಮ್. ರೈಡಿಂಗ್, ಆರಿಫ್ ಇಬ್ಬರೂ ಒಂದೇ ಇಳಿಜಾರಿನಲ್ಲಿ ಇಳಿದ್ರು. ರೈಡಿಂಗ್ 13ನೇ ಪ್ಲೇಸ್. ಆರಿಫ್ ಮೊದಲ ರನ್‌ನಲ್ಲೇ ಗೇಟ್ ತಪ್ಪಿ ಹೊರಗೆ, ಅವರ ಹೆಸರಿನ ಮುಂದೆ ನಂಬರ್ರೇ ಇಲ್ಲ.

ರೂಮ್‌ಮೇಟ್ ಇದನ್ನ ಓದಲ್ಲ, ಅವನೂ ನನ್ನ ಹಾಗೇ ಇಂಗ್ಲಿಷ್ ಮೀಡಿಯಂ, ಕನ್ನಡ ಅಂದ್ರೆ ಓಡ್ತಾನೆ. ಇವತ್ತು ರಾತ್ರಿ ಮೆಸ್‌ನಲ್ಲಿ ಕೂರಿಸ್ಕೊಂಡು ನಾನೇ ಓದಿ ಹೇಳ್ತೀನಿ.